ಗುರುಪಾದಪ್ಪ ಕಾಕಾನ ದೀಪದ ಮನೆ

ಯಾರ ಮನೆಗೆ ಹೋದರೂ ಗುರುಪಾದಪ್ಪ ಕಾಕಾ ಕೂರುವ ಮೊದಲು ಬೆರಳ ಗೆಣ್ಣಿನಿಂದ ಗೋಡೆ ಬಡಿದು ನೋಡುತ್ತಿದ್ದರು. ನಾವು ಅಮೆರಿಕದ ಫಾಸ್ಟರ್ ಸಿಟಿಯಲ್ಲಿ ಮನೆ ಮಾಡಿಕೊಂಡು ಸತ್ಯನಾರಾಯಣ ಪೂಜೆಗೆ ಅಕ್ಕಪಕ್ಕದವರನ್ನು ಕರೆದಾಗಲೂ ಹಾಗೇ ಮಾಡಿದರು. ಎರಡು ಸಲ ಬಡಿದು, ಕಿವಿಯಾನಿಸಿ, "ಇದು ಗ್ವಾಡಿ ಅಲ್ಲ ಯವ್ವಾ, ರಟ್ಟಿನ ಡಬ್ಬಿ" ಎಂದು ತೀರ್ಪು ಕೊಟ್ಟು ಪ್ರಸಾದಕ್ಕೆ ಕೈಯೊಡ್ಡಿದರು. ಹೊಸ ಮನೆಯ ಹೆಮ್ಮೆಯಲ್ಲಿದ್ದ ನನ್ನ ಗಂಡನ ಮುಖ ಸಪ್ಪಗಾಯಿತು.

ಕಾಕಾ ಗದಗಿನ ಕಡೆಯ ಸಿವಿಲ್ ಇಂಜಿನಿಯರು. ಹೆಂಡತಿ ಶಾಂತಕ್ಕ ಡಾಕ್ಟರು. ಆಕೆಗೆ ಇಂಗ್ಲೆಂಡಿನ ಒಂದು ಪುಟ್ಟ ಹಳ್ಳಿಯ ದವಾಖಾನೆಯಲ್ಲಿ ಕೆಲಸ ಸಿಕ್ಕಿದಾಗ ಇವರು ತಮ್ಮ ಕೆಲಸ ಬಿಟ್ಟು ಜೊತೆಗೆ ಹೋದರಂತೆ. ಅಲ್ಲಿ ಹನ್ನೊಂದು ವರ್ಷ ಇದ್ದರು. ಒಂದು ಚರ್ಚು, ಒಂದು ಪಬ್ಬು, ನಲವತ್ತು ಮನೆ, ಉಳಿದದ್ದೆಲ್ಲ ಕುರಿ. ಹೆಂಡತಿ ರೋಗಿಗಳ ನಾಡಿ ಹಿಡಿದರೆ ಗಂಡ ಟೇಪು ಹಿಡಿದು ಊರಿನ ಹಳೇ ಕಟ್ಟಡಗಳನ್ನೆಲ್ಲ ಅಳೆದರು. ಶಾಂತಕ್ಕ ತೀರಿಕೊಂಡ ಮೇಲೆ ಎರಡು ಸೂಟ್‌ಕೇಸು ತುಂಬ ನಕ್ಷೆ ಹೊತ್ತು ಮಗಳ ಮನೆಗೆ, ಅಂದರೆ ನಮ್ಮ ಪಕ್ಕದ ಮನೆಗೆ, ಬಂದರು. ಕನ್ನಡದವರು ಸೇರಿದ ಕಡೆ "ನಮ್ಮೂರಾಗ ಹಿಮ ಬಿದ್ರ" ಎಂದು ಅವರು ಶುರು ಮಾಡಿದರೆ, ಗದಗಿನಲ್ಲಿ ಯಾವಾಗ ಹಿಮ ಬಿತ್ತಪ್ಪಾ ಎಂದು ಮಂಡ್ಯದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ನೀರಿಗೆ ಮಣ್ಣು ತುಂಬಿ ಮಾಡಿದ ನಮ್ಮ ಊರಿನಲ್ಲಿ ತಮಗಿಂತ ಹಳೆಯದು ಏನೂ ಇಲ್ಲವೆಂಬುದು ಅವರ ದೂರು. ಇಂಗ್ಲೆಂಡಿನ ಆ ಹಳ್ಳಿಯವರು ನಮ್ಮ ಊರಿನ ಚರಿತ್ರೆ ಬರೆದುಕೊಡಿ, ಅಚ್ಚು ಹಾಕಿಸುತ್ತೇವೆ ಎಂದು ಕೇಳಿದ್ದರು. ಕಾಕಾನ ಕಣ್ಣು ಮಂಜಾಗಿತ್ತು. ಹಾಗಾಗಿ ಶನಿವಾರ ಮಧ್ಯಾಹ್ನ ಅವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಟೈಪು ಮಾಡುವುದು ಎಂದಾಯಿತು. ಸಾಕುಸಾಕು ಮಾಡಿಬಿಟ್ಟರು. ಚರ್ಚಿನ ಬಾಗಿಲಿನ ಅಗಲದಲ್ಲಿ ಅರ್ಧ ಇಂಚು ಹೆಚ್ಚು ಬಿದ್ದದ್ದಕ್ಕೆ ಇಡೀ ಅಧ್ಯಾಯ ಮತ್ತೆ ಓದಿಸಿದರು. ನಾನು "ಸುಮಾರು" ಎಂದರೆ ಸಾಕು, "ಸುಮಾರು ಅನ್ನಾವ್ರು ಕಟ್ಟಿದ್ದು ನಿನ್ನ ಮನಿ" ಎನ್ನುತ್ತಿದ್ದರು. ಇವರಿಗಿಂತ ನಮ್ಮ ಆಫೀಸಿನ ಮ್ಯಾನೇಜರೇ ವಾಸಿ ಅನ್ನಿಸುತ್ತಿತ್ತು.

ಕೊನೆಯ ಅಧ್ಯಾಯ 'ದೀಪದ ಮನೆ'. ಚರ್ಚಿನ ಹಿಂದೆ ದುಂಡನೆಯ ಒಂದು ಕಲ್ಲುಕಟ್ಟಡ. ಕಿಟಕಿಯಿಲ್ಲ, ಒಳಗೋಡೆಯಲ್ಲಿ ನೆಲದಿಂದ ಮಾಡಿನವರೆಗೆ ಸಾಲುಸಾಲು ಗೂಡುಗಳು. ಹಬ್ಬದ ದಿನ ಊರವರು ಅವುಗಳಲ್ಲಿ ದೀಪ ಹಚ್ಚುತ್ತಿದ್ದರು ಎಂದು ಕಾಕಾ ಬರೆಸಿದರು. ನಾನೂ ತಲೆಯಾಡಿಸಿ ಬರೆದೆ. ಗೋಡೆಯಲ್ಲಿ ಗೂಡು ಕಂಡರೆ ದೀಪ ನೆನಪಾಗದ ನಮ್ಮವರು ಯಾರಿದ್ದಾರೆ? ಆದರೆ ಮುಖಪುಟಕ್ಕೆ ಚಿತ್ರ ಹುಡುಕುವಾಗ ಬೇರೆ ಯಾವುದೋ ಹಳ್ಳಿಯ ಅಂಥದೇ ಕಟ್ಟಡ ಕಣ್ಣಿಗೆ ಬಿತ್ತು. ಕೆಳಗೆ ವಿವರ ಕೊಟ್ಟಿದ್ದರು. ಅದು ಪಾರಿವಾಳದ ಮನೆ. ಜಮೀನುದಾರನ ಅಡುಗೆಗೆಂದು ಪಾರಿವಾಳ ಸಾಕುತ್ತಿದ್ದ ಗೂಡುಗಳು ಅವು.

ಮೊದಲು ನಗು ಬಂತು, ಆಮೇಲೆ ಹೆದರಿಕೆ. ಪುಸ್ತಕ ಹಾಗೇ ಹೋದರೆ ಅಲ್ಲಿಯವರು ನಗುತ್ತಾರೆ. ಹೇಳಿದರೆ ಕಾಕಾ ಕುಸಿಯುತ್ತಾರೆ. ಎರಡು ಶನಿವಾರ ಬಾಯಿ ಬಿಡಲಿಲ್ಲ. ಕಳಿಸಬೇಕಾದ ವಾರ ಬಂದಾಗ ಧೈರ್ಯ ಮಾಡಿ ಹೇಳಿಬಿಟ್ಟೆ. ಕಾಕಾ ಗೋಡೆಯ ಮೇಲಿದ್ದ ಶಾಂತಕ್ಕನ ಫೋಟೋ ಕಡೆ ತಿರುಗಿದರು.

"ನನಗ ಗೊತ್ತೈತಿ. ಮೊದಲನೇ ವರ್ಷಾನ ಪಾದ್ರಿ ಹೇಳಿದ್ರು. ದೀಪದ ಮನಿ ಅಂದಾಕಿ ಇಕಿ. ದೀಪಾವಳಿಗೆ ಒಬ್ಬಾಕಿನ ಹೋಗಿ ಗೂಡಿಗೆಲ್ಲಾ ಪಣತಿ ಹಚ್ಚಿ, ನನ್ನ ಕೈ ಹಿಡದು ಕರಕೊಂಡು ಹೋಗಿ ತೋರಿಸಿದ್ಲು. ಆಕಿ ಮಾರಿ ಮ್ಯಾಲಿನ ಖುಷಿ ನೋಡಿ, ಇದು ಪಾರಿವಾಳದ್ದು ಅಂತ ಹ್ಯಾಂಗ ಹೇಳ್ಲಿ?"

ಹನ್ನೊಂದು ವರ್ಷ ಹೇಳಲೇ ಇಲ್ಲವಂತೆ. ಪ್ರತಿ ದೀಪಾವಳಿಗೂ ಶಾಂತಕ್ಕ ಹಚ್ಚುವುದು, ಇವರು ಎಣ್ಣೆಯ ಗಿಂಡಿ ಹಿಡಿದು ಹಿಂದೆ ನಿಲ್ಲುವುದು. ಪುಸ್ತಕದಲ್ಲಾದರೂ ಆಕೆಯ ಮಾತು ಉಳಿಯಲಿ ಎಂದು ಹಾಗೆ ಬರೆಸಿದ್ದರು. ನನ್ನನ್ನು ಅಷ್ಟು ಗೋಳುಹೊಯ್ದುಕೊಂಡ ಮನುಷ್ಯನ ಮೇಲೆ ಆ ಹೊತ್ತು ನನಗೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಆದರೂ ಸುಳ್ಳು ಅಚ್ಚಾಗುವುದು ಅವರಿಗೇ ಸರಿಬರಲಿಲ್ಲ. ಬದಲಾಯಿಸು ಎಂದು ತಾವೇ ಹೇಳಿದರು. ಇದು ಪಾರಿವಾಳದ ಮನೆ, ಇದನ್ನು ದೀಪದ ಮನೆಯೆಂದು ತಪ್ಪಾಗಿ ತಿಳಿದು ಈ ಊರಿನ ಡಾಕ್ಟರೊಬ್ಬರು ಹನ್ನೊಂದು ದೀಪಾವಳಿ ಇಲ್ಲಿ ದೀಪ ಹಚ್ಚಿದರು, ಎಂದು ನಾನು ಬರೆದೆ.

ಅದೇ ನಮ್ಮ ಕೊನೆಯ ಶನಿವಾರವಾಯಿತು. ಪುಸ್ತಕ ಅಚ್ಚಾಗಿ ಬರುವಷ್ಟರಲ್ಲಿ ಕಾಕಾ ಇರಲಿಲ್ಲ. ಅವರ ಮಗಳೂ ನಾನೂ ಮೊದಲು ತೆರೆದದ್ದು ಆ ಪುಟವನ್ನೇ. ಆ ಕೊನೆಯ ಶನಿವಾರ ಬರೆದದ್ದನ್ನು ಓದಿ ಹೇಳಿದಾಗ ಕಾಕಾ ಕಣ್ಣು ಮುಚ್ಚಿ ಕೇಳಿದ್ದರು. ಇನ್ನೊಮ್ಮೆ ಓದು ಎಂದರು. ಓದಿದೆ.

"ಎಲ್ಲಾ ಬರೋಬರಿ ಐತಿ," ಎಂದರು. "ಆ 'ತಪ್ಪಾಗಿ' ಅನ್ನೋದೊಂದು ತಗದುಬಿಡು ಯವ್ವಾ."