ಬಾವಿಗೆ ಹಾಕಿದ ಕೀಲಿ

ಮನೆಗೆ ಕೀಲಿ ಹಾಕಿ, ಓಣಿಯ ತುದಿಯವರೆಗೂ ಹೋಗಿ, ಮತ್ತೆ ತಿರುಗಿ ಬಂದು ಜಗ್ಗಿ ನೋಡುವವರ ಪೈಕಿ ನಾನು. ಆದ್ದರಿಂದ ನಾನು ತಯಾರಿಸಿದ ಸ್ಲೈಡುಗಳಿಗೆ ಪಾಸ್‌ವರ್ಡು ಹಾಕಿದೆನೆಂದರೆ ನಿಮಗೆ ಆಶ್ಚರ್ಯವಾಗಬಾರದು. ಆ ಸ್ಲೈಡುಗಳಲ್ಲಿದ್ದದ್ದು ನಮ್ಮ ಓಣಿಯ ಬಾವಿ.

ಮಾಳಮಡ್ಡಿಯ ಆ ಬಾವಿಯನ್ನು ಮುಚ್ಚಿ ಗಾಡಿ ನಿಲ್ಲಿಸಲು ಜಾಗ ಮಾಡಬೇಕೆಂಬ ಠರಾವು ವಾರ್ಡಿನ ಸಭೆಗೆ ಬರುವುದಿತ್ತು. ಭೂಗೋಳ ಕಲಿಸಿ ನಿವೃತ್ತನಾದವನೆಂದು ಬಾವಿಯ ವಕಾಲತ್ತು ನನ್ನ ಹೆಗಲಿಗೆ ಬಿತ್ತು. ನೀರಿನ ಮಟ್ಟ, ಕಲ್ಲಿನ ಪದರು, ಬಾಣದ ಗುರುತಿನ ನಕಾಶೆ ಎಲ್ಲವನ್ನೂ ಕೂಡಿಸಿದೆ. ಎದುರು ಮನೆಯ ನೀಲಕ್ಕ ನೋಡಿ ಕೊಡುತ್ತೇನೆಂದು ಪೆನ್‌ಡ್ರೈವ್ ಒಯ್ದರು.

ನೆರೆಮನೆಯಿಂದ ಬಂದ ಡಬ್ಬಿಯನ್ನು ನಮ್ಮಲ್ಲಿ ಯಾರೂ ಖಾಲಿ ಕೊಡುವುದಿಲ್ಲ. ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ. ನೀಲಕ್ಕ ಪೆನ್‌ಡ್ರೈವಿಗೂ ಅದೇ ಮರ್ಯಾದೆ ಮಾಡಿದರು. ಮಗಳ ಕೈಯಿಂದ ನನ್ನ ಕೊನೆಯ ಸ್ಲೈಡಿನ ಹಿಂದೆ ತಮ್ಮ ಮದುವೆಯಲ್ಲಿ ಇದೇ ಬಾವಿಗೆ ಮಾಡಿದ ಗಂಗಿಪೂಜೆಯ ಹಳೆಯ ಫೋಟೋಗಳನ್ನು ಸೇರಿಸಿ, ತಮ್ಮ ಫೋನಿಗೂ ಒಂದು ಪ್ರತಿ ಹಾಕಿಸಿಕೊಂಡಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಇದೇನು ಚುನಮರಿ ಚೂಡಾವೇ, ಕಂಡಕಂಡವರು ಒಂದೊಂದು ಹಿಡಿ ಬೆರೆಸಲು ಎಂದು ಅವರೆದುರೇ ಅಂದೆ. ನನ್ನ ಪ್ರತಿಯಿಂದ ಫೋಟೋ ಅಳಿಸಿ ಪಾಸ್‌ವರ್ಡು ಜಡಿದೆ. ಮೊದಲು ಮನೆದೇವರ ಹೆಸರಿಟ್ಟೆ. ಆದರೆ ನಮ್ಮ ಮನೆದೇವರು ಯಾರೆಂದು ಓಣಿಗೆಲ್ಲ ಗೊತ್ತು. ಅದನ್ನು ತೆಗೆದು, ಯಾರೂ ಊಹಿಸಲಾಗದ್ದೊಂದನ್ನು ಇಟ್ಟೆ.

ಸಭೆಯಲ್ಲಿ ಅದನ್ನು ನನಗೂ ಊಹಿಸಲಾಗಲಿಲ್ಲ.

ಪರದೆಯ ಮೇಲೆ ಖಾಲಿ ಚೌಕವೊಂದು ಪಾಸ್‌ವರ್ಡು ಕೇಳುತ್ತ ನಿಂತಿತ್ತು. ಹೆಂಡತಿಯ ಹೆಸರು, ನಾನು ಕಲಿಸಿದ ಸಾಲಿಯ ಹೆಸರು, ತೀರಿಹೋದ ನಾಯಿಯ ಹೆಸರು, ಯಾವುದಕ್ಕೂ ಜಗ್ಗಲಿಲ್ಲ. ಅಂಗಿ ಬೆನ್ನಿಗೆ ಅಂಟಿತು. ಅಂಥ ಹೊತ್ತಿನಲ್ಲೂ ಹಾಳು ಮಾಸ್ತರಿಕೆಯ ತಲೆ ಶಾಸನಗಳನ್ನು ನೆನೆಯುತ್ತಿತ್ತು. ದಾನವನ್ನು ಕೆಡಿಸಿದವನಿಗೆ ಕವಿಲೆ ಆಕಳನ್ನು ಕೊಂದ ಪಾಪ ಬರಲಿ ಎಂದು ಹಿಂದಿನವರು ಶಾಪ ಕೊರೆಸುತ್ತಿದ್ದರು. ಕಲ್ಲನ್ನು ಮಾತ್ರ ಬಯಲಲ್ಲೇ ನಿಲ್ಲಿಸುತ್ತಿದ್ದರು. ಕೆಡಿಸಬಾರದು, ಓದಬಹುದು. ನಾನು ಓದುವುದನ್ನೇ ತಡೆದಿದ್ದೆ.

ಅಧ್ಯಕ್ಷರು ಗಡಿಯಾರ ನೋಡಿದರು. "ಸರ, ಹಂಗಾರ ಠರಾವಿಗೆ ಕೈ ಎತ್ತಸೂಣೇನ್ರಿ?"

ಇನ್ನೊಂದು ಹೆಸರು ಒತ್ತಿದೆ, ಅದೂ ತಪ್ಪು. ನನ್ನ ಕೈಯಾರೆ ಬಾವಿ ಮುಚ್ಚಿದೆನೆಂದುಕೊಂಡೆ. ಆಗ ಹಿಂದಿನ ಸಾಲಿನಿಂದ ನೀಲಕ್ಕ ಎದ್ದರು.

"ನನ್ನ ಫೋನಿನ್ಯಾಗ ಐತ್ರಿ ಸರ. ನೀವು ಬೈದ್ರೆಂತ ಅಳಸಬೇಕಂದಿದ್ದೆ, ಮನಸ ಬರಲಿಲ್ಲ."

ಅವರ ಪ್ರತಿ ಪರದೆಗೆ ಬಂತು. ನನ್ನ ನೀರಿನ ಮಟ್ಟಕ್ಕೆ ಒಬ್ಬರು ಆಕಳಿಸಿದರು. ಕಲ್ಲಿನ ಪದರಿಗೆ ಇಬ್ಬರು. ಕೊನೆಗೆ ನೀಲಕ್ಕನ ಫೋಟೋಗಳು ಬಂದವು: ಬಾವಿಯ ಕಟ್ಟೆಗೆ ಅರಿಶಿನ ಕುಂಕುಮ, ಕೊಡ ಹೊತ್ತ ಹೆಂಗಸರು, ನಾಚಿ ನಿಂತ ಮದುಮಗಳು ನೀಲಕ್ಕ. ಪಕ್ಕದ ಓಣಿಯಲ್ಲೇ ಬೆಳೆದ ಅಧ್ಯಕ್ಷರು ಎದ್ದು ಪರದೆಯ ಹತ್ತಿರ ಹೋದರು. ಕೊಡ ಹೊತ್ತ ಹೆಂಗಸೊಬ್ಬಳ ಮೇಲೆ ಬೆರಳಿಟ್ಟರು.

"ಈ ಕೊಡ ಹೊತ್ತಾಕಿ ನಮ್ಮವ್ವ," ಎಂದರು.

ಠರಾವಿಗೆ ಯಾರೂ ಕೈ ಎತ್ತಲಿಲ್ಲ.

ಈಗ ಓಣಿಯಲ್ಲಿ ಯಾರ ಮದುವೆಯಾದರೂ ಆ ಫೈಲಿಗೆ ಒಂದು ಫೋಟೋ ಸೇರುತ್ತದೆ. ನನ್ನ ಕಲ್ಲಿನ ಪದರು ಎಲ್ಲಿ ಹೋಯಿತೋ ತಿಳಿಯದು. ಕೀಲಿ ಹಾಕಿದ ನನ್ನ ಪ್ರತಿ ಇಂದಿಗೂ ಭದ್ರವಾಗಿದೆ, ಯಾರೂ ಮುಟ್ಟಿಲ್ಲ, ನಾನೂ ಸಹ. ಫೈಲು ನನ್ನದಾಗಿ ಉಳಿಯಲಿಲ್ಲ. ಬಾವಿ ಉಳಿಯಿತು.