ತೋಳಿನೊಳಗೆ ಮರೆಯಾಗುತ್ತಿದ್ದ ಕೈಗಳು

ಕಂಪ್ಯೂಟರ್ ಏಳುವ ಹೊತ್ತಿಗೆ ಮೇಡಂ ತಮ್ಮ ಎರಡೂ ಕೈಗಳನ್ನು ಬುರ್ಖಾದ ತೋಳಿನೊಳಗೆ ಎಳೆದುಕೊಂಡುಬಿಡುತ್ತಿದ್ದರು. ಮದರಂಗಿ ಮಾಸಿದ ಬೆರಳ ತುದಿಗಳು ಮೆಲ್ಲಗೆ ಒಳಗೆ ಸೇರುವುದನ್ನು ನೋಡಿದರೆ ಆಮೆ ತಲೆ ಎಳೆದುಕೊಂಡ ಹಾಗಿರುತ್ತಿತ್ತು. ಯಂತ್ರ ಪೂರ್ತಿ ಎದ್ದು ಕೂರುವವರೆಗೆ ಆ ಕೈಗಳು ಹೊರಗೆ ಬರುತ್ತಿರಲಿಲ್ಲ. ಮುಂದಿಟ್ಟ ಚಹಾ ಆರಿಹೋದರೂ ಸರಿಯೇ. "ಮುಟ್ಟಿದ್ರೆ ನಾವು ಎಬ್ಬಿಸ್ದಂಗಾಯ್ತಣ್ಣ. ಅದೇ ಏಳ್ಬೇಕು," ಎನ್ನುತ್ತಿದ್ದರು.

ಅವರು ಗುಬ್ಬಿಯವರು. ತುಮಕೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳಲು ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಪಂಪ್‌ಸೆಟ್ಟಿನ ಬಿಡಿಭಾಗಗಳ ವ್ಯಾಪಾರದಲ್ಲಿ ಕುದುರಿಕೊಂಡಿದ್ದೆ. ತುಮಕೂರಿನಲ್ಲಿ ನನ್ನ ಅಂಗಡಿ, ಗುಬ್ಬಿಯಲ್ಲಿ ತಮ್ಮನದು, ಕುಣಿಗಲ್ಲಿನಲ್ಲಿ ಬಾಮೈದನದು. ಮೂರರ ಸರಕೂ ಒಟ್ಟಿಗೆ. ಬೆಳ್ಳಾವಿಯಿಂದಲೋ ಕೋರದಿಂದಲೋ ರೈತ ಬಂದು ಬೇರಿಂಗ್ ಕೇಳಿದರೆ, ಅದು ಯಾವ ಅಂಗಡಿಯಲ್ಲಿದೆ ಎಂದು ಮೂರೂ ಕಡೆ ಕಾಣಲಿ ಅಂತ ನನ್ನ ಕಂಪ್ಯೂಟರಿನಲ್ಲಿ ಒಂದು ವೆಬ್ ಸರ್ವರ್ ಕೂರಿಸಿದ್ದೆ. ಕೇಳಿದವರಿಗೆ ಪುಟ ತೋರಿಸುವ ಕೆಲಸಗಾರ ಅದು, ಅಷ್ಟೇ. ಉಳಿದಿಬ್ಬರು ಫೋನ್ ಲೈನಿನ ಮೂಲಕ ಆ ಪುಟ ನೋಡುತ್ತಿದ್ದರು.

ತೊಂದರೆ ಇದ್ದದ್ದು ನನ್ನ ಜೊತೆ ಅಂಗಡಿ ನೋಡಿಕೊಳ್ಳುತ್ತಿದ್ದ ಮಾವನವರ ಕೈಯಲ್ಲಿ. ಅಂಗಡಿ ಮುಚ್ಚುವಾಗ ದೇವರ ಪಟಕ್ಕೆ ಕೈಮುಗಿದು, ಮೇನ್ ಸ್ವಿಚ್ ಕೆಳಗೆ ಎಳೆಯದೆ ಅವರು ಹೊರಗೆ ಹೆಜ್ಜೆ ಇಟ್ಟವರಲ್ಲ. ಮಧ್ಯಾಹ್ನದ ಊಟಕ್ಕೆ ಹೋಗುವಾಗಲೂ ಅದೇ. ಕಂಪ್ಯೂಟರ್ ದೊಪ್ಪನೆ ಸಾಯುತ್ತಿತ್ತು, ಒಳಗಿನ ಸರಕಿನ ಲೆಕ್ಕ ಕೆಟ್ಟು ಕೂರುತ್ತಿತ್ತು. ಮತ್ತೆ ಸ್ವಿಚ್ ಹಾಕಿದರೆ ಯಂತ್ರ ಏಳುತ್ತಿತ್ತೇ ಹೊರತು ಸರ್ವರ್ ಏಳುತ್ತಿರಲಿಲ್ಲ. ನಾನೇ ಬಂದು ಕಮ್ಯಾಂಡ್ ಕುಟ್ಟಬೇಕು. ನಾನು ಊರಲ್ಲಿ ಇಲ್ಲದ ದಿನ ಬಾಮೈದನ ಫೋನು: "ಏನ್ ಭಾವ, ನಿಮ್ ಕಂಪ್ಯೂಟ್ರು ಇನ್ನೂ ಹಾಸ್ಗೆ ಬಿಟ್ಟಿಲ್ವಾ? ಇನ್ನೊಂದ್ಸಲ ಹಿಂಗಾದ್ರೆ ನನ್ ಸರಕು ನಂದು, ನಿಮ್ದು ನಿಮ್ದು. ಬೇರೆ ಮಾಡ್ಕೊಂಬುಡ್ತೀನಿ."

ಅದು ತಮಾಷೆಯಲ್ಲ. ಅವನು ಹೋದರೆ ತಮ್ಮನೂ ಹೋಗುತ್ತಿದ್ದ. ನಾನು ಕಟ್ಟಿದ್ದು ಮೂರು ತುಂಡು.

ತರಬೇತಿ ಕೇಂದ್ರಕ್ಕೆ ಹೋಗಿ ಮೇಡಂನ್ನು ಕರೆದೆ. ಅವರು ಬಂದು ಎಲ್ಲ ಕೇಳಿಸಿಕೊಂಡರು. ಮೊದಲು ಮಾವನವರ ಅಭ್ಯಾಸ ಬಿಡಿಸೋಣ ಅಂದೆ. "ಅವರ ವಯಸ್ಸೇನು, ಈ ಡಬ್ಬದ ವಯಸ್ಸೇನು? ಚಿಕ್ಕೋರಿಗೆ ಕಲ್ಸೋದು ಸುಲಭ ಅಣ್ಣ," ಅಂದರು. ಬ್ಯಾಟರಿಯ ಯುಪಿಎಸ್ ತರಿಸಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿದರು. ಕರೆಂಟ್ ಹೋದ ಸುದ್ದಿ ಆ ದಾರಿಯಲ್ಲಿ ಯಂತ್ರಕ್ಕೆ ಮುಟ್ಟಬೇಕು, ಅದು ತಾನೇ ಕ್ರಮವಾಗಿ ಮಲಗಬೇಕು, ಕರೆಂಟ್ ಬಂದರೆ ಸರ್ವರ್ ಸಮೇತ ತಾನೇ ಏಳಬೇಕು.

ನಾನು ಚೌಕಾಸಿ ಬಿಡುವವನೇ? "ಮಲಗೋದು ಬ್ಯಾಡ ಮೇಡಂ. ಏಳೋದೊಂದು ಮಾಡ್ಕೊಡಿ, ಅರ್ಧ ರೇಟ್ ಹಾಕ್ಕೊಳ್ಳಿ."

"ಬ್ರೇಕ್ ಇಲ್ದಿರೋ ಗಾಡೀನ ನಿಮ್ ತುಮ್ಕೂರಲ್ಲಿ ಅರ್ಧ ರೇಟಿಗೆ ಕೊಡ್ತಾರಾ?"

ಆಮೇಲೆ ನನ್ನ ಭಾಷೆಯಲ್ಲೇ ತಿಳಿಸಿದರು. ಏಳುವಾಗ ಮೊದಲು ಗೋದಾಮು, ಅಂದರೆ ಸರಕಿನ ಲೆಕ್ಕ. ಆಮೇಲೆ ಅಂಗಡಿ ಬಾಗಿಲು, ಅಂದರೆ ಸರ್ವರ್. ಮಲಗುವಾಗ ಬಾಗಿಲು ಮೊದಲು, ಗೋದಾಮು ಕೊನೆಗೆ. "ಗಿರಾಕಿ ಒಳಗೆ ನಿಂತಿರೋವಾಗ ಗೋದಾಮಿಗೆ ಬೀಗ ಹಾಕ್ತೀರಾ?" ಪೂರ್ತಿ ರೇಟಿಗೇ ಒಪ್ಪಿದೆ.

ಪರೀಕ್ಷೆಯ ದಿನ ಬಾಮೈದ, ಹೆಂಡತಿಯನ್ನು ಕುಣಿಗಲ್ಲಿನ ಅಂಗಡಿಯಲ್ಲಿ ಕೂರಿಸಿ, ತಾನು ಬಂದು ಬಾಗಿಲಿಗೆ ಒರಗಿ ನಿಂತ. ಊಟದ ಹೊತ್ತು. ಮಾವನವರು ಎಂದಿನಂತೆ ಪಟಕ್ಕೆ ಕೈಮುಗಿದು ಸ್ವಿಚ್ಚಿಗೆ ಕೈ ಹಾಕಿದರು. "ಅಯ್ಯೋ, ತಡೀರಿ!" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

"ಎಳೀರಿ ಯಜಮಾನ್ರೇ," ಅಂದರು ಮೇಡಂ.

ಫ್ಯಾನು ನಿಂತಿತು. ಯುಪಿಎಸ್ ಕೀ ಕೀ ಅಂದಿತು. ತೆರೆಯ ಮೇಲೆ ಸಾಲುಗಳು ಓಡಿದವು: ಬಾಗಿಲು ಮುಚ್ಚಿತು. ಗೋದಾಮು ಮುಚ್ಚಿತು. ಕೊನೆಗೆ ಕಂಪ್ಯೂಟರ್ ನಿಟ್ಟುಸಿರಿಟ್ಟ ಹಾಗೆ ಆರಿತು. ಯಾರೂ ಮುಟ್ಟಿರಲಿಲ್ಲ. ದೊಡ್ಡ ಮನೆಯೊಂದರಲ್ಲಿ ಕಾಣದ ಯಜಮಾನಿ ಒಂದೊಂದೇ ಕೋಣೆಯ ದೀಪ ಆರಿಸಿಕೊಂಡು ಹೋದಂತಿತ್ತು.

"ಈಗ ಹಾಕಿ."

ಮಾವನವರು ಸ್ವಿಚ್ ಎತ್ತಿದರು. ಯಂತ್ರ ಗುರುಗುಟ್ಟಿತು. ನನ್ನ ಬೆರಳು ತಾನಾಗೇ ಕೀಬೋರ್ಡಿನತ್ತ ಹೋಯಿತು. "ಅಣ್ಣ, ಕೈ!" ಹಿಂದೆಗೆದೆ. ಕೂಗಿದ ಮೇಡಂ ಕೈಗಳು ಆಗಲೇ ತೋಳಿನೊಳಗಿದ್ದವು. ಆಮೇಲೆ ಬಾಮೈದನ ಮೊಬೈಲ್ ಕೂಗಿತು, ಅಂಗಡಿಯ ಲೈನು ಪುಟಕ್ಕೇ ಸಿಕ್ಕಿದ್ದರಿಂದ ಅವನ ಹೆಂಡತಿ ಪಕ್ಕದ ಫೋನ್ ಬೂತಿನಿಂದ ಕಿರುಚಿದ್ದು ನಮಗೂ ಕೇಳಿಸಿತು: "ಪೇಜು ಬಂತು ಕಣ್ರೀ! ಬೇರಿಂಗೆಲ್ಲಾ ಕಾಣ್ತಾವೆ!"

ಬಾಮೈದ ತಲೆ ಕೆರೆದುಕೊಂಡ. "ಬುಡು ಭಾವ, ಬೇರೆ ಆಗೋ ಮಾತು ಇನ್ನಿಲ್ಲ."

"ಇದ್ರಲ್ಲೇನ್ಲಾ ದೊಡ್ಡದು?" ಅಂದರು ಮಾವನವರು. "ನಾನು ದಿನಾ ಮಾಡೋದೇ ಮಾಡ್ದೆ."

ಮೇಡಂ ಕೈ ಹೊರಗೆ ತೆಗೆದು, ತಣ್ಣಗಾದ ಚಹಾ ಕುಡಿದರು.

ಅಂದಿನಿಂದ ಯಾರು ಕೇಳಲಿ ಬಿಡಲಿ, ಒಂದು ಮಾತು ಹೇಳುತ್ತೇನೆ: ಯಾವ ಯಂತ್ರ ಕೊಂಡರೂ ಮಾರುವವನ ಎದುರಿಗೇ ಒಮ್ಮೆ ಆಫ್ ಮಾಡಿ, ಮತ್ತೆ ಆನ್ ಮಾಡಿಸಿ ನೋಡಿ. ಆಗ ಅವನ ಕೈ ಎಲ್ಲಿದೆ ಎಂದೂ ನೋಡಿ.

ಕೆಲವು ವರ್ಷಗಳ ಮೇಲೆ ಮೇಡಂ ಕಾಯಿಲೆ ಬಿದ್ದು ತೀರಿಕೊಂಡರು. ಮಣ್ಣಿಗೆಂದು ಗುಬ್ಬಿಗೆ ಹೋದೆ. ಅವತ್ತು ತುಮಕೂರಿನಲ್ಲಿ ಬೆಳಿಗ್ಗೆಯಿಂದ ಕರೆಂಟು ಹೋಗುವುದು, ಬರುವುದು ನಡೆದಿತ್ತು. ಖಬರಸ್ತಾನದ ಗೋಡೆ ಪಕ್ಕ ನಿಂತವನಿಗೆ, ಹಳೆಯ ಚಾಳಿ, ಜೇಬಿನ ಫೋನಿನ ಮೇಲೇ ಗಮನ. ಕುಣಿಗಲ್ಲಿನಿಂದ ಕರೆ ಬರಲಿಲ್ಲ. ಅಂಗಡಿಯಿಂದಲೂ ಬರಲಿಲ್ಲ. ಎಲ್ಲರೂ ಮಣ್ಣು ಹಾಕಿ ಮುಗಿಸುವವರೆಗೂ ಫೋನು ಸುಮ್ಮನೇ ಇತ್ತು. ಒಂದು ಕಾಲದಲ್ಲಿ ಅಂಗಡಿ ಬಿಟ್ಟು ಅಷ್ಟು ಹೊತ್ತು ಎಲ್ಲಿಯೂ ನಿಲ್ಲಲು ನನಗೆ ಆಗುತ್ತಿರಲಿಲ್ಲ. ಅವರು ಮಾಡಿಕೊಟ್ಟ ಬಿಡುವಿನಲ್ಲೇ ಅವರನ್ನು ಕಳಿಸಿಕೊಡಲು ನಿಂತಿದ್ದೆ.