ಅಜ್ಜಿಯ ಎರಡು ಓಟುಗಳು

ನಮ್ಮ ಕ್ಷೇತ್ರದ ಮೊದಲ ಎರಡು ಚುನಾವಣೆಗಳಲ್ಲಿ ಯಾರು ಗೆದ್ದರು, ಯಾರು ಸೋತರು ಎಂದು ಹೇಳಬಲ್ಲವರು ಚಾಮರಾಜನಗರದ ಯಾವ ಹೋಟೆಲಿನಲ್ಲಾದರೂ ಸಿಗುತ್ತಾರೆ. ನನಗೆ ಗೊತ್ತಿರುವ ಇತಿಹಾಸ ಅಷ್ಟು ದೊಡ್ಡದಲ್ಲ. ಅದು ನನ್ನ ಅಜ್ಜಿ ಹಾಕಿದ ಎರಡು ಓಟುಗಳದ್ದು.

ಮೊದಲನೆಯದರ ಹೊತ್ತಿಗೆ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ನಮ್ಮದು ಹರದನಹಳ್ಳಿಯ ಪಕ್ಕದ ಸಣ್ಣ ಊರು. ಓಟು ಹಾಕಲು ಹರದನಹಳ್ಳಿಯ ಶಾಲೆಗೇ ಹೋಗಬೇಕಿತ್ತು. ತಾತ ಗಾಡಿ ಕಟ್ಟಿಸಿದರು. ಮನೆಯ ಹೆಂಗಸರೆಲ್ಲ ಮದುವೆಗೆ ಹೊರಟವರಂತೆ ಟ್ರಂಕಿನಿಂದ ಒಳ್ಳೆಯ ಸೀರೆ ತೆಗೆದು ಉಟ್ಟರು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತಿನ ಚಿತ್ರ. ಚೀಟಿಯ ಮೇಲೆ ಏನೂ ಬರೆಯಬೇಕಾಗಿರಲಿಲ್ಲ, ಬೇಕಾದ ಪೆಟ್ಟಿಗೆಯೊಳಗೆ ಹಾಕಿ ಬಂದರೆ ಮುಗಿಯಿತು. ಯಾವ ಚಿತ್ರದ ಪೆಟ್ಟಿಗೆ ಎಂಬುದನ್ನು ತಾತ ಜಗಲಿಯ ಮೇಲೆ ನಿಂತು ಎಲ್ಲರಿಗೂ ಒಟ್ಟಿಗೇ ಹೇಳಿದರು. ಅದು ಯಾವುದೆಂದು ನಾನು ಇಲ್ಲಿ ಬರೆಯುವುದಿಲ್ಲ.

ಅಜ್ಜಿ ಹಿತ್ತಲಿನಿಂದ ನಾಲ್ಕು ಕಣಗಿಲೆ ಹೂವು ಬಿಡಿಸಿ ಸೆರಗಿನಲ್ಲಿ ಕಟ್ಟಿಕೊಂಡಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಗಾಡಿ ಮನೆಯ ಕಡೆ ತಿರುಗಿದ ಮೇಲೆಯೇ ಗೊತ್ತಾಯಿತು.

"ಏನಮ್ಮಿ, ನೆಟ್ಟಗೆ ಆಕುದ್ಯಾ?" ಎಂದು ತಾತ ಕೇಳಿದರು.

"ಆಕ್ದೆ. ಪೆಟ್ಗೆ ಮೇಲೆ ಚೀಟಿ ಮಡಗಿ, ಊವ ಮಡಗಿ, ಕೈ ಮುಗ್ದು ಬಂದೆ."

"ಮೇಲೆ ಮಡಗ್ಬುಟ್ಯಾ? ಒಳಕ್ ಆಕ್ನಿಲ್ವಾ?"

"ಒಲೆಗೆ ಸೌದೆ ತುರುಕ್ದಂಗೆ ಆ ತೂತೊಳಕ್ಕೆ ತುರುಕಕ್ಕಾದದಾ? ದೇವ್ರಂತ ಪೆಟ್ಗೆ!"

ಅವಳು ಹೇಳಿದ್ದು ತಮಾಷೆಗಲ್ಲ. ಬೆಲೆಯುಳ್ಳ ವಸ್ತುವನ್ನು ಎರಡೂ ಕೈಯಲ್ಲಿ ಹಿಡಿದು ಇಡಬೇಕು, ಎಸೆಯಬಾರದು, ತಳ್ಳಬಾರದು ಎನ್ನುವುದು ಅವಳು ಬೆಳೆದ ರೀತಿ. ಆದರೆ ಪೆಟ್ಟಿಗೆಯ ಹೊರಗೆ ಉಳಿದ ಚೀಟಿ ಲೆಕ್ಕಕ್ಕಿಲ್ಲ ಎಂದು ಶಾಲೆಯ ಮೇಷ್ಟ್ರು ಸಂಜೆ ಜಗಲಿಗೆ ಬಂದು ತಿಳಿಸಿದರು. ತಾತ ಹೇಳಿದ ಅಭ್ಯರ್ಥಿ ಸೋತ ಸುದ್ದಿ ಬಂದಾಗಲಂತೂ ಅಜ್ಜಿಗೆ ಮನೆಯಲ್ಲಿ ಉಳಿಗಾಲವಿಲ್ಲದಂತಾಯಿತು. "ನಿಮ್ಮಜ್ಜಿ ಓಟು ಸೀದಾ ಕೈಲಾಸಕ್ ಓಯ್ತು ಕಣಮ್ಮಿ, ಇಲ್ಲೆಲ್ಲಿ ಸಿಕ್ಕದು?" ಎಂದು ತಾತ ಬಂದವರೆದುರಿಗೆಲ್ಲ ನನ್ನನ್ನು ಕರೆದು ಹೇಳುವರು. ಎಲ್ಲರೂ ನಗುತ್ತಿದ್ದರು. ಅಜ್ಜಿಯೂ ನಗುತ್ತಿದ್ದಳು.

ಒಂದು ದಿನ ಇಬ್ಬರೇ ಕುಳಿತು ಅವರೆಕಾಯಿ ಸುಲಿಯುವಾಗ ತಲೆಯೆತ್ತದೆ ಕೇಳಿದಳು: "ಅಂಗಾರೆ ನಾನು ಅವತ್ತು ಅಲ್ಲಿಗೆ ಓಗೇ ಇಲ್ಲ ಅನ್ನಂಗಾಯ್ತಲ್ವಾ?"

ಅವಳು ನಗುತ್ತಿದ್ದಾಗಲೂ ಒಳಗೆ ಇದನ್ನೇ ಇಟ್ಟುಕೊಂಡಿದ್ದಳೆಂದು ಆಗ ಗೊತ್ತಾಯಿತು.

ಎರಡನೆಯ ಚುನಾವಣೆ ಬರುವಷ್ಟರಲ್ಲಿ ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ಪರೀಕ್ಷೆಗೆ ಓದಿಕೊಳ್ಳಲು ಊರಿಗೆ ಬಂದಿದ್ದೆ. ಆಗ ಓಟಿನ ವಯಸ್ಸು ಇಪ್ಪತ್ತೊಂದು, ನನಗಿನ್ನೂ ಆಗಿರಲಿಲ್ಲ. ಅದೇ ವಾರ ಗುಂಡ್ಲುಪೇಟೆಯ ಕಡೆಯಿಂದ ಅಜ್ಜಿಯ ತಮ್ಮ ಬಂದ. ಅಜ್ಜಿಯ ತವರು ಅಲ್ಲಿ, ಗೋಪಾಲಸ್ವಾಮಿ ಬೆಟ್ಟ ಕಾಣುವ ಒಂದು ಹಳ್ಳಿಯಲ್ಲಿ. ಅವನ ಓಟು ಬೇರೆ ಕ್ಷೇತ್ರದ್ದು, ಆದರೆ ಬಾಯಿಗೆ ಗಡಿ ಎಲ್ಲಿ?

"ಏನಕ್ಕಯ್ಯಾ, ಈ ಸತಿ ಗಂಟೆ ಜಾಗಟೆನೂ ತಕ್ಕೊಂಡೋದಿಯಾ? ಮಂಗ್ಳಾರ್ತಿ ತಟ್ಟೆ ನಾನ್ ತಂದುಕೊಡ್ಲಾ?"

"ನೀ ಸುಮ್ನಿರ್ಲಾ. ಗುಂಡ್ಲುಪೇಟೆ ಪೆಟ್ಗೆ ನೀ ನೋಡ್ಕೊ, ನಮ್ ಪೆಟ್ಗೆ ತಂಟೆ ನಿಂಗ್ಯಾಕೆ?" ಎಂದಳು ಅಜ್ಜಿ. ಅವನು ಬಸ್ಸು ಹತ್ತಿ ಹೋದ ಮೇಲೆ ನನ್ನ ಪುಸ್ತಕದ ಪಕ್ಕ ಬಂದು ಕುಳಿತಳು.

"ಈ ಸತಿ ನನ್ ಓಟು ಬೀಳ್ಬೇಕು ಕಣಮ್ಮಿ. ಏನ್ ಮಾಡ್ಬೇಕೊ ಏಳ್ಕೊಡು."

ಬಿಸ್ಕತ್ತಿನ ಖಾಲಿ ಡಬ್ಬದ ಮುಚ್ಚಳದಲ್ಲಿ ಉದ್ದಕ್ಕೆ ಒಂದು ಸೀಳು ಮಾಡಿದೆ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಚೀಟಿಯ ಅಳತೆಗೆ ಕತ್ತರಿಸಿಕೊಟ್ಟೆ. ಅಜ್ಜಿ ಚೀಟಿಯನ್ನು ಸೀಳಿನವರೆಗೆ ತರುತ್ತಿದ್ದಳು, ಅಲ್ಲಿ ಕೈ ನಿಂತುಬಿಡುತ್ತಿತ್ತು. ಕಣ್ಣಿಗೆ ಪೊರೆ ಬರುತ್ತಿದ್ದುದು ನಿಜ, ಆದರೆ ಅದು ಕಾರಣವಲ್ಲ. ಮತ್ತೆ ಮತ್ತೆ ಚೀಟಿಯನ್ನು ಮುಚ್ಚಳದ ಮೇಲೆಯೇ ಮೆಲ್ಲಗೆ ಇಟ್ಟು ನನ್ನ ಮುಖ ನೋಡುವಳು.

"ಕತ್ಲೆಗೆ ತಳ್ದಂಗಾಯ್ತದೆ ಕಣಮ್ಮಿ. ಕೈಯೇ ಬರದಿಲ್ಲ."

ನಾನು ಒತ್ತಾಯಿಸಲಿಲ್ಲ. ಡಬ್ಬವನ್ನು ದೇವರ ಮೂಲೆಯ ಹತ್ತಿರ ಇಟ್ಟು ಓದಲು ಕುಳಿತೆ.

ಮಾರನೆಯ ಬೆಳಿಗ್ಗೆ ಅಜ್ಜಿ ಎಂದಿನಂತೆ ಸ್ನಾನ ಮಾಡಿ, ವಿಭೂತಿ ಧರಿಸಿ, ಗೋಡೆಯ ಕಡೆ ಮುಖ ಮಾಡಿ ಲಿಂಗಪೂಜೆಗೆ ಕುಳಿತಳು. ತಲೆಯ ಮೇಲಿನ ಸೆರಗನ್ನು ಮುಂದಕ್ಕೆ ಎಳೆದುಕೊಂಡರೆ ಅಂಗೈಯೂ ಅದರೊಳಗಿನ ಲಿಂಗವೂ ಅವಳೊಬ್ಬಳಿಗೇ ಕಾಣುವುದು. ಆ ಹೊತ್ತಿನಲ್ಲಿ ತಾತನೂ ಅವಳನ್ನು ಕರೆಯುತ್ತಿರಲಿಲ್ಲ. ಚಿಕ್ಕವಳಿದ್ದಾಗಿನಿಂದ ನನಗೆ ಆ ಸೆರಗಿನ ಒಳಗಿನ ಜಾಗದ ಮೇಲೆ ಆಸೆ. ಸದಾ ಯಾರಾದರೂ ಇರುವ ನಮ್ಮ ಮನೆಯಲ್ಲಿ ಅಜ್ಜಿಗೆ ಇದ್ದ ಒಂದೇ ಸ್ವಂತ ಕೋಣೆ ಅದು.

ಪೂಜೆ ಮುಗಿಯಿತು. ಲಿಂಗವನ್ನು ಕಣ್ಣಿಗೊತ್ತಿಕೊಂಡು, ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆಯೊಳಗೆ ಇಟ್ಟು ಮುಚ್ಚಳ ಹಾಕಿದಳು. ಹಾಕಿದವಳು ಹಾಗೆಯೇ ಕುಳಿತಳು. ಮುಚ್ಚಳದ ಮೇಲೆ ಬೆರಳಿತ್ತು, ಕಣ್ಣು ಬಿಸ್ಕತ್ತಿನ ಡಬ್ಬದ ಮೇಲೆ.

"ಏನಜ್ಜಿ?"

"ಲಿಂಗಪ್ಪನ್ನ ನಾನು ಕರಡ್ಗೆ ಒಳಗಲ್ವಾ ಮಡಗದು? ಮೇಲ್ ಮಡಗಿದ್ದಾ?"

ಡಬ್ಬವನ್ನು ಎಳೆದುಕೊಂಡು, ಚೀಟಿಯನ್ನು ಕಣ್ಣಿಗೊತ್ತಿಕೊಂಡು ಸೀಳಿಗೆ ಇಳಿಬಿಟ್ಟಳು. ಒಳಗೆ ಸಣ್ಣ ಸದ್ದಾಯಿತು.

"ಇದೂ ಕರಡ್ಗೆನೆ ಕಣಮ್ಮಿ," ಎಂದಳು, ನನಗೇ ಹೇಳಿಕೊಡುವವಳಂತೆ.

ಓಟಿನ ದಿನ ತಾತ ಮತ್ತೆ ಜಗಲಿಯ ಮೇಲೆ ನಿಂತು ಗುರುತು ಹೇಳಿದರು. ಶಾಲೆಯಲ್ಲಿ ಹೆಂಗಸರ ಸಾಲು ಬೇರೆ. ಕಣ್ಣು ಸರಿಯಿಲ್ಲವೆಂದು ಹೇಳಿ, ಅಜ್ಜಿಯ ಜೊತೆ ಮೇಜಿನವರೆಗೆ ಹೋಗಲು ಅಪ್ಪಣೆ ಪಡೆದಿದ್ದೆ. ಅಧಿಕಾರಿ ಗಂಡನ ಹೆಸರು ಕೇಳಿದರು. ಅಜ್ಜಿ ನೆಲ ನೋಡಿದಳು.

"ಏಳ್ಬುಡಕ್ಕಾ, ಒತ್ತಾಯ್ತದೆ," ಎಂದಳು ಹಿಂದಿನ ಹೆಂಗಸು.

"ನಿನ್ ಗಂಡುನ್ ಎಸ್ರ ನೀ ಒಂದ್ಸತಿ ಏಳು ನೋಡವ, ಆಮೇಕೆ ನಾ ಏಳ್ತಿನಿ."

ಸಾಲಿನ ತುಂಬ ನಗು. ಹಿಂದಿನ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಸರನ್ನು ನಾನು ಹೇಳಿದೆ. ಅಜ್ಜಿಯ ಬೆರಳಿಗೆ ಮಸಿ ಹಚ್ಚಿ ಚೀಟಿ ಕೊಟ್ಟರು. ಅವಳು ಸೆರಗಿನ ಗಂಟು ಬಿಚ್ಚಿ, ಈ ಸಲವೂ ತಂದಿದ್ದ ಕಣಗಿಲೆ ಹೂವನ್ನು ನನ್ನ ಕೈಗಿಟ್ಟಳು. "ಇಟ್ಕೊಂಡಿರು," ಎಂದು, ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದ ತಟ್ಟಿಯ ಮರೆಗೆ ಹೋದಳು.

ತಟ್ಟಿ ನೆಲದವರೆಗೆ ಇರಲಿಲ್ಲ. ನಾನಿದ್ದ ಕಡೆಯಿಂದ ಅವಳ ಪಾದಗಳು ಮಾತ್ರ ಕಾಣುತ್ತಿದ್ದವು. ಅವು ಒಂದು ಕಡೆ ಹೋಗಿ ನಿಂತವು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಕಡೆಗೆ ಸರಿದವು. ಅಲ್ಲಿಂದ ಮತ್ತೆ ಹಿಂದಕ್ಕೆ. ಮನೆಯಲ್ಲಿ ಸದಾ ಅವಸರದಲ್ಲಿರುತ್ತಿದ್ದ ಆ ಪಾದಗಳು ಅಷ್ಟು ನಿಧಾನವಾಗಿ ಯೋಚಿಸುವುದನ್ನು ನಾನು ನೋಡಿರಲಿಲ್ಲ. ನೋಡಬಾರದ್ದನ್ನು ನೋಡುತ್ತಿದ್ದೇನೆ ಎನ್ನಿಸಿ ಮುಖ ತಿರುಗಿಸಿಕೊಂಡೆ.

ಹೊರಗೆ ಬಂದು ನನ್ನ ಕಿವಿಯ ಬಳಿ, "ಬಿತ್ತು," ಎಂದಳು. ಹೂವನ್ನು ವಾಪಸು ತೆಗೆದುಕೊಂಡು ಶಾಲೆಯ ಹೊಸ್ತಿಲ ಪಕ್ಕ ಇಟ್ಟಳು.

ಗಾಡಿಯಲ್ಲಿ ತಾತ ತಡೆಯಲಾರದೆ ಕೇಳಿದರು: "ಈ ಸತಿ ಒಳಕ್ಕೆ ಆಕ್ದೆ ತಾನೆ?"

"ಒಳಕ್ಕೇ ಆಕ್ದೆ."

"ನಾ ಏಳಿದ್ದುಕ್ಕೇ?"

ಅಜ್ಜಿ ಎತ್ತುಗಳ ಕಡೆ ನೋಡುತ್ತ ಕುಳಿತಳು.

"ಏನಮ್ಮಿ, ಕೇಳಿದ್ದು ಕೇಳ್ನಿಲ್ವಾ?"

"ಇಷ್ಟು ವರ್ಸ ಲಿಂಗಪೂಜೆ ಮಾಡಿವ್ನಿ. ಸೆರಗೊಳಗೆ ಏನ್ ಕೇಳ್ಕೊಂಡೆ ಅಂತ ಒಂದಿನಾರ ಕೇಳಿದ್ದಿರಾ?"

ತಾತ ತಾವೇ ನಕ್ಕರು. "ಓಗ್ಲಿ ಬುಡು. ಓದ್ಸತಿ ಕೈಲಾಸಕ್ಕೆ, ಈ ಸತಿ ಸೆರಗೊಳಕ್ಕೆ. ನನ್ ಕೈಗಂತೂ ಸಿಕ್ಕದಿಲ್ಲ ನಿನ್ ಓಟು." ನಗುತ್ತಲೇ ತಮ್ಮ ಟವೆಲನ್ನು ತೆಗೆದು ಅವಳ ತಲೆಗೆ ಬಿಸಿಲು ಬೀಳದಂತೆ ಹಿಡಿದರು. ಆಮೇಲೆ ಕೈಲಾಸದ ಮಾತನ್ನು ಅವರು ಯಾರೆದುರಿಗೂ ಆಡಿದ್ದು ನಾನು ಕೇಳಲಿಲ್ಲ.

ಫಲಿತಾಂಶದ ಸುದ್ದಿ ತಂದವನನ್ನು ತಾತ ಜಗಲಿಯಲ್ಲಿ ಕೂರಿಸಿಕೊಂಡು ಬಹಳ ಹೊತ್ತು ವಿಚಾರಿಸಿದರು. ಅಜ್ಜಿ ಮಜ್ಜಿಗೆ ಕೊಡಲು ಬಂದವಳು ಯಾರು ಗೆದ್ದರೆಂದು ಕೇಳಲಿಲ್ಲ. "ಹರದನಳ್ಳಿ ಪೆಟ್ಗೆ ತೆಗ್ದು ಎಣಿಸುದ್ರಾ?" ಎಂದಳು. ಎಣಿಸಿದರು ಎಂದ. "ಸರಿ," ಎಂದು ಒಳಗೆ ಹೋದಳು.

ನಾನು ಮೈಸೂರಿಗೆ ಹೊರಟ ಬೆಳಿಗ್ಗೆ ಬಸ್ಸಿನವರೆಗೆ ಬಂದಳು. ಬೆರಳಿನ ಮಸಿ ಉಗುರಿನ ಬುಡದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

"ಬರೋ ಸತಿ ನಿಂಗೂ ಓಟು ಬತ್ತದಲ್ವಾ?"

"ಬರುತ್ತೆ ಅಜ್ಜಿ."

"ಯಾರ್ಗೆ ಆಕ್ದೆ ಅಂತ ನಂಗೂ ಏಳ್ಬ್ಯಾಡ ಕಣಮ್ಮಿ," ಎಂದು ನನ್ನ ಕೆನ್ನೆ ಸವರಿದಳು.